ಗೋಡೆ ಬಿದ್ದದ್ದು ಸಮೀಕ್ಷೆಯ ನಂತರ

ಲಿಂಗಸುಗೂರು ತಾಲ್ಲೂಕಿನ ನದಿದಂಡೆಯವರಿಗೆ ಪ್ರವಾಹ ಎಂದರೆ ಮೊದಲು ಒಂದು ಅಂಕಿ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಷ್ಟು ಕ್ಯುಸೆಕ್ ನೀರು ಬಿಟ್ಟರು ಎಂದು ಕೇಳಿಕೊಂಡೇ ಮಳೆಗಾಲ ಕಳೆಯುತ್ತೇವೆ. ಹೊರಹರಿವು ಏರಿದರೆ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ನಡುಗಡ್ಡೆಯ ಹಳ್ಳಿಗಳ ದಾರಿ ಕಡಿಯುತ್ತದೆ. 2019ರ ಆಗಸ್ಟ್‌ನಲ್ಲಿ ಆ ಅಂಕಿ 5 ಲಕ್ಷ ದಾಟಿತ್ತು.

ನೀರು ಇಳಿದ ಮೇಲೆ ಇನ್ನೊಂದು ಬಗೆಯ ಅಂಕಿಗಳು ಊರಿಗೆ ಬಂದವು. ಆಗ ನಾನು ಪದವಿ ಓದುತ್ತಿದ್ದೆ. ಗ್ರಾಮ ಲೆಕ್ಕಿಗರು, ಕೃಷಿ ಇಲಾಖೆಯವರು, ಎಂಜಿನಿಯರು ಸಮೀಕ್ಷೆಗೆ ಬಂದಾಗ ಪಹಣಿ, ಆಧಾರ್, ಪಾಸ್‌ಬುಕ್ ಜೋಡಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಓದಲು ಬಾರದ ಹಿರಿಯರಿಗೆ ನಿಯಮ ಬಿಡಿಸಿ ಹೇಳುವವನೂ ನಾನೇ.

ಮನೆಗೆ ಮೂರು ವರ್ಗ: ಎ, ಬಿ, ಸಿ. ಮುಕ್ಕಾಲು ಪಾಲಿಗಿಂತ ಹೆಚ್ಚು ಹಾಳಾಗಿದ್ದರೆ ಎ, ಅದಕ್ಕೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಶೇ 15ರಿಂದ 25ರಷ್ಟಾದರೆ ಸಿ. ಬೆಳೆಗೆ ಶೇ 33ರ ಗೆರೆ. ನಷ್ಟ ಅದಕ್ಕಿಂತ ಕಡಿಮೆಯಾದರೆ ಪರಿಹಾರವಿಲ್ಲ. ಮಳೆಯಾಶ್ರಿತ ಬೆಳೆಗೆ ಕೇಂದ್ರದ ಮಾರ್ಗಸೂಚಿಯಂತೆ ಆಗ ಹೆಕ್ಟೇರಿಗೆ 6,800 ರೂಪಾಯಿ ಇತ್ತು, ಅದೂ 2 ಹೆಕ್ಟೇರಿನ ಮಿತಿಯಲ್ಲಿ. ಆ ವರ್ಷ ರಾಜ್ಯ ಅದಕ್ಕೆ 10,000 ಸೇರಿಸಿತು. ಬಟ್ಟೆ, ಪಾತ್ರೆ ಕಳೆದುಕೊಂಡ ಮನೆಗೆ ಮಾರ್ಗಸೂಚಿಯಲ್ಲಿದ್ದದ್ದು 3,800. ರಾಜ್ಯ ಕೊಟ್ಟದ್ದು 10,000. ಈ ಹಣದ ಬೆಲೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಬಂದ ಮರುದಿನ ನಮ್ಮ ಓಣಿಯಲ್ಲಿ ಜೋಳದ ಚೀಲ, ತಾಡಪತ್ರಿ, ಹೊಸ ಕೊಡ ಕಂಡವು.

ಗಂಟು ಬಿದ್ದದ್ದು ಮನೆಯ ಲೆಕ್ಕದಲ್ಲಿ. ನಮ್ಮ ಕಡೆಯ ಹಳೆಯ ಮನೆಗಳು ಮಣ್ಣಿನ ಗೋಡೆಯ ಮಾಳಿಗೆ ಮನೆಗಳು. ನೀರಲ್ಲಿ ನಿಂತಾಗ ಅವು ಬೀಳುವುದು ಕಡಿಮೆ. ನೀರು ಹೋಗಿ ಬಿಸಿಲು ಬಿದ್ದ ಮೇಲೆ ಬಿರುಕು ಬಿಡುತ್ತವೆ. ಓಣಿಯ ಅಜ್ಜಿಯೊಬ್ಬಳು ಎಂಜಿನಿಯರಿಗೆ ಇದನ್ನೇ ಹೇಳಿದಳು: “ಸಾಹೇಬ್ರ, ನೀರೇನೋ ಹೋತು, ಗ್ವಾಡಿ ಇನ್ನ ನೀರು ಕುಡದು ನಿಂತಾವ್ರಿ.” ಅವರು ಕೆಟ್ಟವರಲ್ಲ. ಆದರೆ ಅಂದು ಅವರ ಕಣ್ಣಿಗೆ ಕಂಡದ್ದು ನಿಂತ ಗೋಡೆ. ಫೋಟೊದಲ್ಲಿ ಬಂದದ್ದೂ ಅದೇ. ಮನೆ ಸಿ ಆಯಿತು. ಹನ್ನೆರಡು ದಿನದ ಮೇಲೆ ಹಿಂಗೋಡೆ ಕುಸಿದು, ಜಂತಿ ಒಲೆಯ ಮೇಲೆ ಬಂತು. ಪಟ್ಟಿ ಅಷ್ಟರೊಳಗೆ ಮೇಲಕ್ಕೆ ಹೋಗಿತ್ತು. ಮರುಪರಿಶೀಲನೆಗೆ ಅರ್ಜಿ ಬರೆದುಕೊಟ್ಟೆ. ಉತ್ತರ ಬರುವ ಮೊದಲೇ ಅಜ್ಜಿ ಮಗಳ ಊರಿಗೆ ಹೋದಳು.

ಹೊಲದಲ್ಲಿ ಇನ್ನೊಂದು ಕಥೆ. ನಮ್ಮ ಕಾಕಾ ಬೇರೆಯವರ ಹೊಲವನ್ನು ಲಾವಣಿಗೆ ಮಾಡಿದ್ದ. ಬೀಜ, ಗೊಬ್ಬರ, ಸಾಲ ಅವನದು; ಪಹಣಿಯಲ್ಲಿ ಹೆಸರು ಮಾಲೀಕನದು. ಪರಿಹಾರ ಹೋದದ್ದು ಹೆಸರಿಗೆ. ಹೊಳೆಯಲ್ಲಿ ಕೊಚ್ಚಿಹೋದ ಕಾಕಾನ ಪಂಪ್‌ಸೆಟ್‌ಗೆ ಆ ನಮೂನೆಯಲ್ಲಿ ಕಾಲಮ್ಮೇ ಇರಲಿಲ್ಲ.

ಅವಸರದಲ್ಲಿ ಎಣಿಸಿದರೆ ತಪ್ಪಾಗುತ್ತದೆ, ನಿಧಾನಿಸಿದರೆ ಹಸಿವು ಕಾಯುವುದಿಲ್ಲ ಎಂಬುದು ಅಧಿಕಾರಿಗಳ ಮಾತು. ಅದು ಸುಳ್ಳಲ್ಲ. ಆದರೆ ಇವು ಎರಡು ಬೇರೆ ಕೆಲಸಗಳು. ಅನ್ನ, ಅರಿವೆ, ಸೂರಿಗೆ ಬೇಕಾದ ಹಣ ಹೆಚ್ಚು ಪ್ರಶ್ನೆಯಿಲ್ಲದೆ ಆ ವಾರವೇ ಬರಬೇಕು. ಮನೆಯ ವರ್ಗ ಮಾತ್ರ ಒಂದೇ ಭೇಟಿಯಲ್ಲಿ ತೀರ್ಮಾನವಾಗಬಾರದು. ಗೋಡೆ ಒಣಗಿದ ಮೇಲೆ ಇನ್ನೊಮ್ಮೆ ಬಂದು ನೋಡಬೇಕು. ಪಟ್ಟಿ ಮೇಲಕ್ಕೆ ಹೋಗುವ ಮುನ್ನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಯಾರ ಹೊಲವನ್ನು ಯಾರು ಉತ್ತಿದ್ದರು, ಯಾರ ಮನೆ ಯಾವಾಗ ಬಿತ್ತು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ.

2009ರ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ಹಳ್ಳಿಗಳಿಗೆ ಹಳ್ಳಿಗಳನ್ನೇ ಎತ್ತಿ ಬೇರೆಡೆ ಕಟ್ಟಲು ಹೊರಟ ಸರ್ಕಾರ ನಮ್ಮದು. ಅಷ್ಟು ದೊಡ್ಡ ಖರ್ಚಿಗೆ ಮನಸ್ಸು ಮಾಡಬಲ್ಲ ವ್ಯವಸ್ಥೆಗೆ ಹದಿನೈದು ದಿನ ಬಿಟ್ಟು ಇನ್ನೊಂದು ಬಾರಿ ಓಣಿಗೆ ಬರುವುದು ಭಾರವಾಗಬಾರದು. ಅದಕ್ಕೆ ಬೇಕಾದದ್ದು ಒಂದು ಜೀಪು, ಒಂದು ದಿನ, ಮೊದಲ ಪಟ್ಟಿಯನ್ನು ತಿದ್ದುವ ಅಧಿಕಾರ.