ಫೈಬರ್ ದೋಣಿಗೆ ಮೇಣ

ನಮ್ಮದು ಕುದ್ರುವಿನ ಮನೆ. ತೆಂಗಿನಕಾಯಿ, ಹಿಂಡಿ ಮೂಟೆ ಸಾಗಿಸಲಿಕ್ಕೆ, ಮೊಮ್ಮಗಳು ಶಾಲೆಗೆ ಹೋಗಲಿಕ್ಕೆ ಒಂದೇ ಫೈಬರ್ ದೋಣಿ. ಬಿಸಿಲಿಗೆ ಮಂಕಾಗಿ, ಸವರಿದರೆ ಕೈಗೆ ಬಿಳಿ ಪುಡಿ ಹತ್ತುತ್ತಿತ್ತು. ಹೋದ ವರ್ಷ ಅದರ ಮೇಲೆಯೇ ಸಿಲಿಕೋನ್ ಇರುವ ಕಾರ್ ಪಾಲಿಶ್ ಹಚ್ಚಿದೆ. ಹೊಳಪು ತಿಂಗಳೂ ನಿಲ್ಲಲಿಲ್ಲ. ಆಮೇಲೆ ಬಿರುಕಿಗೆ ಹಾಕಿದ ತೇಪೆ ಹಿಡಿಯದೆ ಎದ್ದುಬಂತು. ಮೊಮ್ಮಗಳು ಕೂತಿದ್ದಾಗಲೇ ನೀರು ಒಳಗೆ! ಎದೆ ಧಸಕ್ಕೆಂದಿತು.

ಈ ಸಲ ಹಳೇ ಪಾಲಿಶ್ ಪೂರ್ತಿ ತೆಗೆಸಿ ತೇಪೆ ಹಾಕಿಸಿದೆ. ಸಿಹಿನೀರಲ್ಲಿ ತೊಳೆದು, ಒಣಗಿಸಿ, ರಬ್ಬಿಂಗ್ ಕಾಂಪೌಂಡ್‌ನಿಂದ ಪುಡಿ ತೆಗೆದೆ. ನೆರಳಲ್ಲಿ ಕಾರ್ನೌಬಾ ಮೇಣವನ್ನು ಮೊರದಗಲ ಜಾಗಕ್ಕೆ ತೆಳ್ಳಗೆ ಹಚ್ಚಿ, ಮಬ್ಬಾದ ಮೇಲೆ ಹಳೇ ಪಂಚೆಯಲ್ಲಿ ಉಜ್ಜುತ್ತಾ ಹೋದೆ.

ಮೇಣ ಬಿಸಿಲು ತಡೆದೀತು, ಬಿರುಕು ಮುಚ್ಚುವುದಿಲ್ಲ ಮಾರಾಯ್ರೆ. ತೇಪೆ ಮೊದಲು, ಹೊಳಪು ಆಮೇಲೆ.