ನಾಲ್ಕನೇ ಸೀಸನ್ನಿನ ಜಗಳ

ಯಾವುದೇ ವೆಬ್ ಸೀರೀಸಿನ ಮೊದಲ ಸೀಸನ್ ಬಗ್ಗೆ ಜಗಳ ಆಗೋದಿಲ್ಲ. ಇಷ್ಟವಾದವರು ನೋಡ್ತಾರೆ, ಆಗದವರು ಎರಡನೇ ಕಂತಿಗೆ ಎದ್ದು ಹೋಗ್ತಾರೆ. ನಿಜವಾದ ಜಗಳ ಶುರುವಾಗೋದು ನಾಲ್ಕನೇ ಸೀಸನ್ನಿಗೆ. ಅಷ್ಟೊತ್ತಿಗೆ ಮೂರು ಸೀಸನ್ನಿನಷ್ಟು ನಿದ್ದೆ ಕೆಟ್ಟಿರುತ್ತೆ, ಕಥೆಯಲ್ಲಿ ನಮ್ಮದೂ ಒಂದು ಪಾಲಿದೆ ಅನ್ನೋ ಧೈರ್ಯ ಬಂದಿರುತ್ತೆ. ಇಷ್ಟವಾಗದವನೂ ಎದ್ದು ಹೋಗೋದಿಲ್ಲ. ಎಲ್ಲಾ ಕಂತು ಮುಗಿಸಿ, ಆಮೇಲೆ ಬೈತಾನೆ.

2024ರ ಜೂನ್ 13ರಿಂದ ಜುಲೈ 18ರವರೆಗೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ನಮ್ಮ ಆಫೀಸ್ ಬಸ್ಸಿನಲ್ಲಿ ಇಂಥದೊಂದು ಜಗಳ ನಡೀತು. ವಿಷಯ, ಅಮೆಜಾನ್ ಪ್ರೈಮಿನ 'ದಿ ಬಾಯ್ಸ್' ನಾಲ್ಕನೇ ಸೀಸನ್. ಮೊದಲ ದಿನ ಮೂರು ಕಂತು, ಆಮೇಲೆ ಪ್ರತಿ ಗುರುವಾರ ಒಂದೊಂದು, ಒಟ್ಟು ಎಂಟು. ನಮಗೆ ಶುಕ್ರವಾರ ವರ್ಕ್ ಫ್ರಮ್ ಹೋಮ್ ಆದ್ದರಿಂದ ಜಗಳ ಸೋಮವಾರಕ್ಕೆ ಮುಂದೂಡಲ್ಪಡುತ್ತಿತ್ತು. ಸಿಲ್ಕ್ ಬೋರ್ಡ್ ಹತ್ತಿರ ಬಸ್ಸು ನಿಂತಷ್ಟು ಹೊತ್ತೂ ವಾದ, ಫ್ಲೈಓವರ್ ಹತ್ತಿದ ಮೇಲೆ ನಿದ್ದೆ.

ನೋಡದವರಿಗೆ ಎರಡು ಮಾತು. ನಾವು ಚಿಕ್ಕವರಿದ್ದಾಗ, ಅಂದ್ರೆ 1997ರಿಂದ, ದೂರದರ್ಶನದಲ್ಲಿ 'ಶಕ್ತಿಮಾನ್' ಬರ್ತಿತ್ತು. ಹಿಂದಿ ಅರ್ಧ ಅರ್ಥವಾಗದಿದ್ದರೂ ಕಣ್ಣು ಮಿಟುಕಿಸದೆ ನೋಡಿದ್ದೇವೆ. ಆ ಗಂಗಾಧರ ಪತ್ರಿಕೆಯೊಂದರಲ್ಲಿ ಫೋಟೋ ತೆಗೆದು ಸಂಬಳ ತಗೊಳ್ತಿದ್ದ. ಶಕ್ತಿಮಾನ್ ಆಗಿ ಗರಗರ ತಿರುಗಿ ಲೋಕ ಕಾಯೋದಕ್ಕೆ ಯಾರೂ ಸಂಬಳ ಕೊಡ್ತಿರಲಿಲ್ಲ. 'ದಿ ಬಾಯ್ಸ್'ನಲ್ಲಿ ಇದು ಉಲ್ಟಾ. ಅಲ್ಲಿ ಸೂಪರ್ ಹೀರೋಗಳು ವಾಟ್ ಅನ್ನೋ ದೊಡ್ಡ ಕಂಪನಿಯ ನೌಕರರು. ಅವರಿಗೆ ಶಕ್ತಿ ಬಂದದ್ದು ದೇವರಿಂದಲ್ಲ, ಕಂಪನಿ ಕೂಸುಗಳಿಗೆ ಚುಚ್ಚಿದ ಒಂದು ಔಷಧಿಯಿಂದ. ಯಾರನ್ನು ಕಾಪಾಡಬೇಕು, ಕ್ಯಾಮೆರಾ ಎಲ್ಲಿಡಬೇಕು ಅಂತ ಮಾರ್ಕೆಟಿಂಗ್‌ನವರು ಹೇಳ್ತಾರೆ. ಜನಪ್ರಿಯತೆಗೆ ಅಂಕ ಇದೆ, ಅಂಕ ಇಳಿದರೆ ಕೆಲಸ ಹೋಗುತ್ತೆ. ಇವರೆಲ್ಲರ ಮೇಲೆ ಹೋಮ್‌ಲ್ಯಾಂಡರ್: ಹೊರಗೆ ಬಾವುಟ ಹೊದ್ದ ದೇಶಭಕ್ತ, ಒಳಗೆ ಕೊಲೆಗಡುಕ. ಗಾರ್ತ್ ಎನ್ನಿಸ್ ಬರೆದು ಡಾರಿಕ್ ರಾಬರ್ಟ್‌ಸನ್ ಚಿತ್ರ ಬರೆದ, 2006ರಲ್ಲಿ ಶುರುವಾದ ಕಾಮಿಕ್ಸ್ ಇದರ ಮೂಲ. ಎರಿಕ್ ಕ್ರಿಪ್ಕಿ ಇದನ್ನು 2019ರಲ್ಲಿ ಪರದೆಗೆ ತಂದರು.

ಈ ಸೀರೀಸಿನ ನೋಡುಗರು ಮೊದಲಿಂದಲೂ ಜಗಳಗಂಟರೇ. 2020ರ ಸೆಪ್ಟೆಂಬರಿನಲ್ಲಿ ಎರಡನೇ ಸೀಸನ್ ಬಂದಾಗ, ಎಲ್ಲಾ ಕಂತು ಒಟ್ಟಿಗೆ ಬಿಡದೆ ವಾರಕ್ಕೊಂದು ಬಿಟ್ಟರು ಅನ್ನೋ ಸಿಟ್ಟಿಗೆ ಅಮೆಜಾನಿನಲ್ಲಿ ಒಂದೇ ಸ್ಟಾರ್ ಕೊಟ್ಟವರ ಸಾಲೇ ಇತ್ತು. ಊಟ ಚೆನ್ನಾಗಿದೆ, ಆದ್ರೆ ನಿಧಾನಕ್ಕೆ ಬಡಿಸಿದರು ಅಂತ ಎಲೆ ಮಡಚಿ ಎದ್ದ ಹಾಗೆ. ನಾಲ್ಕನೇ ಸೀಸನ್ನಿನಲ್ಲಿ ಬಿರುಕು ಇನ್ನೂ ದೊಡ್ಡದಾಯ್ತು. ರಾಟನ್ ಟೊಮೇಟೋಸ್‌ನಲ್ಲಿ ವಿಮರ್ಶಕರು ನೂರಕ್ಕೆ ತೊಂಬತ್ತರ ಆಸುಪಾಸು ಕೊಟ್ಟರೆ, ಪ್ರೇಕ್ಷಕರು ಸುಮಾರು ಅದರ ಅರ್ಧದ ಹತ್ತಿರವೇ ನಿಂತರು. ಕಡೇ ಕಂತಿನ ಹೆಸರಲ್ಲಿ ಕೊಲೆಯತ್ನದ ಮಾತಿತ್ತು. ಜುಲೈ 13ರಂದು ಅಮೆರಿಕದಲ್ಲಿ ಟ್ರಂಪ್ ಮೇಲೆ ನಿಜವಾಗಿಯೇ ಗುಂಡು ಹಾರಿದ್ದರಿಂದ ಆ ಹೆಸರನ್ನು ತೆಗೆದು, ಬರೀ 'ನಾಲ್ಕನೇ ಸೀಸನ್ನಿನ ಕೊನೇ ಕಂತು' ಅಂತಷ್ಟೇ ಕರೆದು, ಒಂದು ಎಚ್ಚರಿಕೆ ಸೇರಿಸಿ ಬಿಡುಗಡೆ ಮಾಡಿದರು.

ಈಗ ನಮ್ಮ ಬಸ್ಸಿಗೆ ಬರೋಣ. ಅಲ್ಲಿ ಮುಖ್ಯವಾಗಿ ನಾಲ್ಕು ಅಭಿಪ್ರಾಯ ಇತ್ತು. ಹೆಸರು ಬೇಡ, ಊರು ಹೇಳ್ತೀನಿ.

ಮಂಡ್ಯದವನ ದೂರು, ಕಥೆ ಮುಂದಕ್ಕೆ ಹೋಗ್ತಿಲ್ಲ ಅಂತ. "ಏನ್ ಗುರು ಇದು, ಆರು ಕಂತಾಯ್ತು, ನಿಂತಲ್ಲೇ ನಿಂತದೆ. ನಮ್ಮವ್ವ ನೋಡೋ ಸೀರಿಯಲ್ಲೇ ವಾಸಿ, ಅದ್ರಲ್ಲಿ ವಾರಕ್ಕೊಂದಾದ್ರೂ ಮದ್ವೆ ಮುರೀತದೆ." ಈ ಮಾತಲ್ಲಿ ಸತ್ಯ ಇದೆ. ಫ್ರೆಂಚಿಯ ಪ್ರೇಮ ಪ್ರಕರಣ ಎಲ್ಲಿಂದಲೋ ಬಂದು ಎಲ್ಲಿಗೂ ಹೋಗಲಿಲ್ಲ. ಬುಚರ್ ಜೊತೆ ಮಾತಾಡೋ ಹಳೇ ಗೆಳೆಯ ಕೆಸ್ಲರ್ ಬರೀ ಅವನ ತಲೆಯೊಳಗಿನ ಭ್ರಮೆ ಅಂತ ಗೊತ್ತಾಗೋದು ಆರನೇ ಕಂತಲ್ಲಿ. ಬಸ್ಸಿನ ಅರ್ಧ ಜನ ಅದನ್ನ ಮೊದಲೇ ಊಹಿಸಿದ್ದರು.

ನಮ್ಮ ಟೀಮ್ ಲೀಡ್ ತುಮಕೂರಿನವರು. "ರಾಜಕೀಯ ಜಾಸ್ತಿ ಆಯ್ತು. ಹೋಮ್‌ಲ್ಯಾಂಡರ್ ಎಂಥಾ ಮಾಸ್ ಆಗಿದ್ದ, ಈಗ ಅಳುಬುರುಕನ್ನ ಮಾಡಿಟ್ಟಿದ್ದಾರೆ" ಅನ್ನೋದು ಅವರ ನೋವು. ಪ್ರಪಂಚದ ಬಹಳಷ್ಟು ಕಡೆಯಿಂದ ಬಂದ ದೂರೂ ಇದೇ. ಆದರೆ ಮೊದಲ ಸೀಸನ್ನಿನಲ್ಲೇ ಈ ಪುಣ್ಯಾತ್ಮ, ವಿಮಾನದ ತುಂಬ ಜನ ಬೇಡ್ಕೊಳ್ತಿದ್ದರೂ ಬಿಟ್ಟು ಹಾರಿಹೋದ. ಆಮೇಲೆ ಅವರ ಸಾವನ್ನೇ ಭಾಷಣಕ್ಕೆ ಬಳಸಿಕೊಂಡ. ಅದು ರಾಜಕೀಯ ಅಲ್ಲದೆ ಇನ್ನೇನು? ಮೂರನೇ ಸೀಸನ್ ಕೊನೆಗೆ ಎದುರು ನಿಂತವನೊಬ್ಬನ ತಲೆಯನ್ನ ಎಲ್ಲರೆದುರೇ ಸಿಡಿಸಿದಾಗ, ಒಂದು ಕ್ಷಣ ಮೌನವಾಗಿದ್ದ ಜನ ಆಮೇಲೆ ಚಪ್ಪಾಳೆ ಹೊಡೀತಾರೆ. ಬಗ್ಗಿ ನೋಡಿದರೆ ಆ ಗುಂಪಲ್ಲಿ ನಾವೂ ಇದ್ದೇವೆ. ಸ್ಲೋ ಮೋಷನ್ನಲ್ಲಿ ನಡೆದು ಬರೋನೇ ಹೀರೋ ಅಂತ ಅಭ್ಯಾಸವಾದ ಕಣ್ಣು ನಮ್ಮದು. ನಾಲ್ಕನೇ ಸೀಸನ್ ಮಾಡಿದ್ದು ಇಷ್ಟೇ: ಆ ಚಪ್ಪಾಳೆಯ ಬಿಲ್ಲು ತಂದು ಕೈಗೆ ಕೊಟ್ಟಿತು.

ಟೆಸ್ಟಿಂಗ್ ಟೀಮಿನ ಧಾರವಾಡದಕಿಯ ತಕರಾರು ಬೇರೆ. "ರಾಜಕೀಯ ಇರ್ಲಿ ಬಿಡ್ರೀ, ಅದು ಮೊದಲಿಂದನೂ ಐತಿ. ಆರನೇ ಕಂತಿನ್ಯಾಗ ಹ್ಯೂಯಿನ್ನ ಕಟ್ಟಿಹಾಕಿ ಹಂಗ ಮಾಡ್ತಾರಲ್ಲಾ, ಅದನ್ನ ನೋಡಿ ನಾವು ನಗಬೇಕಂತ. ಹೆಣ್ಣಮಗಳಿಗೆ ಹಂಗ ಮಾಡಿದ್ರ ನಗತಿದ್ರೇನು?" ಬಸ್ಸಲ್ಲಿ ಯಾರೂ ಉತ್ತರ ಕೊಡಲಿಲ್ಲ. ಯಾಕಂದ್ರೆ ಉತ್ತರ ಇರಲಿಲ್ಲ. ಇಡೀ ಸೀಸನ್ನಿನ ಮೇಲೆ ಬಂದ ಟೀಕೆಗಳಲ್ಲಿ ನನಗೆ ಅತ್ಯಂತ ನ್ಯಾಯವಾಗಿ ಕಂಡದ್ದು ಇದೇ.

ನಾಲ್ಕನೆಯವನು ಹಾಸನದ ಹುಡುಗ. ಕಿಟಕಿ ಪಕ್ಕ ಕೂತು, ಮಾತಾಡೋದೇ ಕಮ್ಮಿ. ಒಂದು ಸೋಮವಾರ ಇದ್ದಕ್ಕಿದ್ದ ಹಾಗೆ, "ಈ ಸೀಸನ್ನಲ್ಲಿ ಒಬ್ಬನೇ ಮನುಷ್ಯ ಇರೋದು, ಎ-ಟ್ರೇನ್" ಅಂದ. ಎಲ್ಲರೂ ನಕ್ಕರು. ಎ-ಟ್ರೇನ್ ಅಂದ್ರೆ ಪ್ರಪಂಚದಲ್ಲೇ ವೇಗವಾಗಿ ಓಡೋನು. ಮೊದಲ ಸೀಸನ್ನಿನ ಮೊದಲ ದೃಶ್ಯಗಳಲ್ಲೇ ಹ್ಯೂಯಿಯ ಪ್ರೇಯಸಿಯ ಮೈಮೇಲೇ ಓಡಿ ಅವಳನ್ನ ಛಿದ್ರ ಮಾಡಿದ ನೀಚ. ಅವನ ಪರವಾಗಿ ಮಾತಾಡೋದಾ?

ಹುಡುಗ ವಿವರಿಸಿದ. ಎ-ಟ್ರೇನ್‌ಗೆ ಮೊದಲಿಂದಲೂ ಒಂದೇ ಭಯ, ತನಗಿಂತ ವೇಗದವನು ಬಂದರೆ ಕಂಪನಿ ತನ್ನನ್ನ ಬಿಡುತ್ತೆ ಅಂತ. ಅದಕ್ಕೇ ಔಷಧಿ ಚುಚ್ಚಿಕೊಂಡ, ಎದೆ ಕೆಡಿಸಿಕೊಂಡ. ಎರಡನೇ ಸೀಸನ್ನಿನಲ್ಲಿ ತಂಡದಿಂದ ಹೊರಬಿದ್ದ, ಏನೇನೋ ಮಾಡಿ ಮತ್ತೆ ಒಳಗೆ ಸೇರಿದ. ನಾಲ್ಕನೇ ಸೀಸನ್ನಿನಲ್ಲಿ ಮೊದಲ ಸಲ, ಅಂಕಕ್ಕಲ್ಲದೆ, ಕ್ಯಾಮೆರಾ ಇಲ್ಲದೆ, ಸಾಯ್ತಿದ್ದ ಒಬ್ಬನನ್ನ ಹೊತ್ತುಕೊಂಡು ಆಸ್ಪತ್ರೆಗೆ ಓಡ್ತಾನೆ. ಅಲ್ಲಿ ಒಂದು ಚಿಕ್ಕ ಹುಡುಗ ಅವನನ್ನ ನೋಡಿ ನಗ್ತಾನೆ. ಅಷ್ಟೇ ದೃಶ್ಯ. "ಅವನಿಗೆ ಜೀವನದಲ್ಲಿ ಸಿಕ್ಕ ಮೊದಲ ನಿಜವಾದ ರೇಟಿಂಗು ಅದು" ಅಂದ ಹುಡುಗ.

ಆ ಮಾತು ಎಲ್ಲಿಂದ ಬಂತು ಅಂತ ಸಂಜೆ ಗೊತ್ತಾಯ್ತು. ಅವನನ್ನ ಪಿಪ್‌ಗೆ ಹಾಕಿದ್ದರು. ಪಿಪ್ ಅಂದ್ರೆ ನೌಕರ ಸುಧಾರಿಸಿಕೊಳ್ಳಲಿ ಅಂತ ಕೊಡೋ ಅವಕಾಶ ಅಂತ ಕಾಗದದಲ್ಲಿದೆ. ಕ್ಯಾಂಟೀನಿನಲ್ಲಿ ಅದರ ಅರ್ಥ, ಬಾಗಿಲು ಎಲ್ಲಿದೆ ಅಂತ ಮರ್ಯಾದೆಯಾಗಿ ತೋರಿಸೋದು. ಮೂರು ವರ್ಷ ಒಳ್ಳೇ ರೇಟಿಂಗ್ ತಗೊಂಡವನು, ಪ್ರಾಜೆಕ್ಟ್ ಮುಗಿದು ಬೆಂಚಿಗೆ ಬಂದ ಎರಡೇ ತಿಂಗಳಿಗೆ ದಡ್ಡನಾಗಿಬಿಟ್ಟಿದ್ದ. ಆರು ವಾರ ಟೈಮು. ಊರಲ್ಲಿ ಅಪ್ಪನ ಹೆಸರಲ್ಲಿ ಮನೆ ಸಾಲ, ಕಂತು ಕಟ್ಟೋನು ಇವನು. "ನೀನಾಗೇ ರಾಜೀನಾಮೆ ಕೊಟ್ಟರೆ ಒಳ್ಳೇದು, ಮುಂದಿನ ಕೆಲಸಕ್ಕೆ ತೊಂದರೆ ಆಗಲ್ಲ" ಅಂತ ಮೃದುವಾಗಿ ಹೇಳಿದ್ದರಂತೆ. ನಾವೆಲ್ಲ ವಾಟ್ ಕಂಪನಿಯ ಆಶ್ಲಿಯನ್ನ, ಟೆನ್ಷನ್ನಿಗೆ ತಲೆಗೂದಲು ಕಿತ್ತುಕೊಳ್ಳುವ ಆ ಹೆಸರಿಗಷ್ಟೇ ಸಿಇಒ ಹೆಂಗಸನ್ನ, ನಮ್ಮ ಮ್ಯಾನೇಜರಿಗೆ ಹೋಲಿಸಿ ಎಷ್ಟು ನಕ್ಕಿದ್ದೆವು. ಆ ದಿನ ಯಾರಿಗೂ ನಗು ಬರಲಿಲ್ಲ.

ಆ ಭಾನುವಾರ ನಾನು ಟಿ. ದಾಸರಹಳ್ಳಿಯ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಅವರು ಪೀಣ್ಯದ ಬೇರೆ ಬೇರೆ ಶೆಡ್ಡುಗಳಲ್ಲಿ ಮೂವತ್ತು ವರ್ಷ ಲೇತ್ ಓಡಿಸಿದವರು, ಬಲಗೈ ತೋರುಬೆರಳಿನ ತುದಿ ಇಲ್ಲ. ಟಿವಿಯಲ್ಲಿ ನಾಲ್ಕನೇ ಕಂತು ಹಾಕಿ ಕೂತೆ. ಹೋಮ್‌ಲ್ಯಾಂಡರ್ ಐಸ್‌ಕ್ರೀಮ್ ಕೇಕ್ ಹಿಡಿದು, ತಾನು ಬೆಳೆದ ಲ್ಯಾಬಿಗೆ ವಾಪಸ್ ಹೋಗ್ತಾನೆ. ಮಗುವಾಗಿದ್ದಾಗ ತನ್ನನ್ನ ಒಲೆಯೊಳಗೆ ಹಾಕಿ ಪರೀಕ್ಷೆ ಮಾಡಿದವರು ಇನ್ನೂ ಅಲ್ಲೇ ಕೆಲಸ ಮಾಡ್ತಿರ್ತಾರೆ. ಒಬ್ಬೊಬ್ಬರನ್ನೇ ಮಾತಾಡಿಸಿ, ಕೊಲ್ತಾನೆ. ಆಂಟನಿ ಸ್ಟಾರ್ ಮುಖದಲ್ಲಿ ಏಟು ತಿಂದ ಮಗುವೂ ರಾಕ್ಷಸನೂ ಒಟ್ಟಿಗೇ ಕಾಣ್ತಾರೆ. ಇಡೀ ಸೀಸನ್ನಿನಲ್ಲಿ ಅದಕ್ಕಿಂತ ಒಳ್ಳೇ ನಟನೆ ಇನ್ನೊಂದಿಲ್ಲ.

ಚಿಕ್ಕಪ್ಪನಿಗೆ ಇಂಗ್ಲಿಷ್ ಬರಲ್ಲ. ನಾನು ನಡುನಡುವೆ ಕಥೆ ಹೇಳ್ತಾ ಹೋದೆ. ಔಷಧಿ, ಅಂಕ, ಕಂಪನಿ, ಕೆಲಸದಿಂದ ತೆಗೆಯೋದು, ಎಲ್ಲಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಅಲ್ಲಪ್ಪಾ, ಇಷ್ಟೊಂದು ಶಕ್ತಿ ಇರೋ ಜನ. ಆ ಕಂಪನೀಲಿ ಯೂನಿಯನ್ ಇಲ್ವಾ?"

ಐದು ವರ್ಷದಿಂದ ಈ ಸೀರೀಸ್ ನೋಡ್ತಿದ್ದೀನಿ. ಹಾರೋರು, ಅದೃಶ್ಯರಾಗೋರು, ಮೀನಿನ ಜೊತೆ ಮಾತಾಡೋರು, ಎಲ್ಲಾ ಸರಿ. ಈ ಪ್ರಶ್ನೆ ನನಗಾಗಲಿ, ಬಸ್ಸಲ್ಲಿ ಯಾರಿಗೇ ಆಗಲಿ ಹೊಳೆದಿರಲಿಲ್ಲ. ನಮ್ಮ ಜಗಳವೆಲ್ಲ ಯಾರು ಒಳ್ಳೆಯವರು, ಯಾರು ಕೆಟ್ಟವರು ಅನ್ನೋದರ ಸುತ್ತ. ಚಿಕ್ಕಪ್ಪನಿಗೆ ಒಳ್ಳೆಯವರು ಕೆಟ್ಟವರು ಮುಖ್ಯ ಆಗಲಿಲ್ಲ. ಅಲ್ಲಿ ಒಬ್ಬೊಬ್ಬರೂ ಒಂಟಿಯಾಗಿ ಕಂಪನಿ ಎದುರು ನಿಂತಿದ್ದಾರೆ ಅನ್ನೋದು ಮೊದಲು ಕಾಣಿಸಿತು. ನಮ್ಮ ಹುಡುಗನ ವಿಷಯ ಹೇಳಿದೆ. "ಅವನಾಗೇ ಬರೆದುಕೊಡಬಾರದು ಅಂತ ಹೇಳು. ಬಾಯಲ್ಲಿ ಹೇಳಿದ್ದನ್ನ ಅವರ ಕೈಲಿ ಕಾಗದದ ಮೇಲೆ ಕೊಡಿಸಿಕೊಳ್ಳಲಿ" ಅಂದರು. ಬೆರಳು ಹೋದಾಗ ಅವರಿಗೆ ಪರಿಹಾರ ಸಿಕ್ಕಿದ್ದು ಹಾಗೇ.

ಇದೆಲ್ಲ ನಡೆದದ್ದು ಎಂಥಾ ದಿನಗಳಲ್ಲಿ ಅಂತ ನೆನಪಿಸಿಕೊಳ್ಳಿ. ನೌಕರಿಯ ಷರತ್ತುಗಳನ್ನ ಬರವಣಿಗೆಯಲ್ಲಿ ಇಡಬೇಕು, ಶಿಸ್ತು ಕ್ರಮಕ್ಕೊಂದು ವಿಧಾನ ಇರಬೇಕು ಅನ್ನೋ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಇದ್ದ ವಿನಾಯಿತಿಯನ್ನ ರಾಜ್ಯ ಸರ್ಕಾರ 2024ರ ಜೂನಿನಲ್ಲಿ ಮತ್ತೆ ಐದು ವರ್ಷ ಮುಂದುವರಿಸಿತ್ತು. ಜುಲೈನಲ್ಲಿ, ಸೀಸನ್ನಿನ ಕೊನೇ ಕಂತು ಬಂದ ಆ ವಾರವೇ, ಸ್ಥಳೀಯರಿಗೆ ಉದ್ಯೋಗ ಮೀಸಲಾತಿ ಮಸೂದೆ ಸಂಪುಟದಲ್ಲಿ ಒಪ್ಪಿಗೆ ಪಡೆದು, ಉದ್ಯಮಿಗಳ ಗದ್ದಲಕ್ಕೆ ಎರಡೇ ದಿನದಲ್ಲಿ ತಡೆಹಿಡಿಯಲ್ಪಟ್ಟಿತು. ಅದರ ಹಿಂದೆಯೇ ಐಟಿ ನೌಕರರ ಕೆಲಸದ ಅವಧಿಯನ್ನ ಓವರ್‌ಟೈಮೂ ಸೇರಿ ದಿನಕ್ಕೆ 14 ಗಂಟೆವರೆಗೆ ಏರಿಸುವ ಪ್ರಸ್ತಾವದ ಸುದ್ದಿ. ಅದನ್ನ ಎತ್ತಿ ಹಿಡಿದು ವಿರೋಧಿಸಿದ್ದು 2017ರಲ್ಲಿ ಶುರುವಾದ ಐಟಿ ನೌಕರರ ಸಂಘ ಕೆಐಟಿಯು. ಅಂಥದೊಂದು ಸಂಘ ಏಳು ವರ್ಷದಿಂದ ಇದೆ ಅನ್ನೋದು ನಮ್ಮ ಬಸ್ಸಿನ ಬಹುತೇಕರಿಗೆ ಆವತ್ತೇ ಗೊತ್ತಾದದ್ದು. ಆಶ್ಲಿಯ ಪೂರ್ತಿ ಜಾತಕ ಮಾತ್ರ ಬಾಯಿಪಾಠ.

ಹುಡುಗ ರಾಜೀನಾಮೆ ಬರೆಯಲಿಲ್ಲ. ಮೀಟಿಂಗ್ ಮುಗಿದ ಪ್ರತಿ ಸಲವೂ "ತಾವು ಹೇಳಿದ್ದು ಹೀಗೆ ಅಂತ ಅರ್ಥಮಾಡಿಕೊಂಡಿದ್ದೇನೆ, ಸರಿಯೇ?" ಅಂತ ಮೇಲ್ ಕಳಿಸಿದ. ಧಾರವಾಡದಕಿ ಆ ಮೇಲುಗಳ ಇಂಗ್ಲಿಷ್ ತಿದ್ದಿದಳು. ಮಂಡ್ಯದವನು ಸಂಘದವರ ನಂಬರ್ ಹುಡುಕಿ ತಂದ. ಕೆಲಸ ಉಳಿಯಲಿಲ್ಲ, ಅದನ್ನ ಸಿನಿಮಾದ ಹಾಗೆ ಹೇಳೋಕಾಗಲ್ಲ. ಆದರೆ ಹಾಗೇ ಖಾಲಿ ಕೈಯಲ್ಲಿ ಹೋಗಬೇಕಿದ್ದವನು ಮೂರು ತಿಂಗಳ ಸಂಬಳ, ಒಳ್ಳೇ ರಿಲೀವಿಂಗ್ ಲೆಟರ್ ತಗೊಂಡು ಹೋದ. ನವೆಂಬರಿಗೆ ವೈಟ್‌ಫೀಲ್ಡ್‌ನಲ್ಲಿ ಇನ್ನೊಂದು ಕಡೆ ಸೇರಿದ. ಸಂಬಳ ಸ್ವಲ್ಪ ಕಮ್ಮಿ, ಮೆಟ್ರೋ ಹತ್ತಿರ.

ಹಾಗಾದ್ರೆ ನಾಲ್ಕನೇ ಸೀಸನ್ ಹೇಗಿದೆ? ಮಂಡ್ಯದವನ ಪ್ರಕಾರ ನೂರಕ್ಕೆ ಐವತ್ತು, ಟೀಮ್ ಲೀಡ್ ಪ್ರಕಾರ ನಲವತ್ತು. ನನ್ನ ಲೆಕ್ಕದಲ್ಲಿ ಎಂಟು ಕಂತಿಗೆ ಎಳೆದ ಐದು ಕಂತಿನ ಕಥೆ. ಆದರೆ ಆ ಐದರಲ್ಲಿ ಲ್ಯಾಬ್ ಇದೆ, ಆಸ್ಪತ್ರೆಯಲ್ಲಿ ಹ್ಯೂಯಿ ತನ್ನಪ್ಪನನ್ನ ಬೀಳ್ಕೊಡೋದು ಇದೆ, ಓಡಿ ಓಡಿ ಸುಸ್ತಾದ ಎ-ಟ್ರೇನ್ ಇದ್ದಾನೆ. ಐದನೇ ಸೀಸನ್ನೇ ಕೊನೇದು ಅಂತ ಕ್ರಿಪ್ಕಿ ಹೇಳಿಯಾಗಿದೆ. ಹೋಮ್‌ಲ್ಯಾಂಡರನ್ನ ಯಾರು ಹೇಗೆ ಮುಗಿಸ್ತಾರೆ ಅಂತ ಬಸ್ಸಲ್ಲಿ ಆಗಲೇ ಬೆಟ್ಟಿಂಗ್ ಶುರುವಾಗಿತ್ತು. ಚಿಕ್ಕಪ್ಪನ್ನ ಕೇಳಿದರೆ, "ಅವನೊಬ್ಬ ಸತ್ತರೆ ಏನಾಯ್ತು, ಕಂಪನಿ ಇರುತ್ತಲ್ಲ" ಅಂತಾರೆ.