ಗುಂಡಿಗೆಗೆ ಬೆರಳಿಟ್ಟು ನೋಡಿ

ಕೆಲವರಿಗೆ ಇಸ್ಪೀಟಿನ ಹುಚ್ಚು, ಕೆಲವರಿಗೆ ಕ್ರಿಕೆಟ್ಟಿನದು. ಜೀವಶಾಸ್ತ್ರದ ಮೇಷ್ಟ್ರಾದ ನನಗೆ ಮೇಕೆಯ ಗುಂಡಿಗೆ ಕೊಯ್ದು ತೋರಿಸುವ ಹುಚ್ಚು. ರಕ್ತಪರಿಚಲನೆಯ ಪಾಠ ಹತ್ತಿರ ಬಂತೆಂದರೆ ಮಟನ್ ಅಂಗಡಿಗೆ ಹೋಗಿ ಹೇಳಿಟ್ಟು ಬರುತ್ತೇನೆ: "ಸೀಳಬೇಡಿ ಸಾಬ್ರೇ, ಮೇಲಿನ ಕೊಳವೆಗಳನ್ನೂ ಹಾಗೇ ಬಿಡಿ." "ತಿನ್ನೋಕಲ್ವಾ ಮೇಷ್ಟ್ರೇ?" ಎಂದು ಅವರು ಪ್ರತಿ ಸಲವೂ ನಗುತ್ತಾರೆ.

ತಟ್ಟೆಯಲ್ಲಿಟ್ಟ ಗುಂಡಿಗೆ ಪಠ್ಯಪುಸ್ತಕದ ಮಾತು ಕೇಳುವುದಿಲ್ಲ. ಅಲ್ಲಿ ಅರ್ಧ ನೀಲಿ, ಅರ್ಧ ಕೆಂಪು. ಇಲ್ಲಿ ಎಲ್ಲವೂ ಒಂದೇ ಕಂದುಗೆಂಪು, ನೆತ್ತಿಯ ಮೇಲೆ ಬಿಳಿ ಕೊಬ್ಬು. ಎಡ ಯಾವುದು, ಬಲ ಯಾವುದು ಎಂದು ಕೇಳಿದರೆ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. "ನೋಡಿದ್ದು ಸಾಕು, ಒತ್ತಿ" ಎನ್ನುತ್ತೇನೆ. ಒಂದು ಮಗ್ಗುಲು ಬೆರಳಿಗೆ ಮೆತ್ತಗೆ ತಗ್ಗುತ್ತದೆ, ಇನ್ನೊಂದು ಜಪ್ಪಯ್ಯ ಅನ್ನುವುದಿಲ್ಲ. ಗಟ್ಟಿಯಿರುವುದೇ ಎಡ. ಬಲ ಹೃತ್ಕುಕ್ಷಿ ಪಕ್ಕದ ಶ್ವಾಸಕೋಶಕ್ಕೆ ರಕ್ತ ನೂಕಿದರೆ ಮುಗಿಯಿತು; ಎಡದ್ದು ಕೊಂಬಿನ ಬುಡದಿಂದ ಗೊರಸಿನವರೆಗೆ ಮುಟ್ಟಿಸಬೇಕು. ದುಡಿಮೆಗೆ ತಕ್ಕಷ್ಟು ದಪ್ಪ ಗೋಡೆ.

ಬ್ಲೇಡು ಹಿಡಿಯುವ ಮುಂಚೆ ನನ್ನ ಮೆಚ್ಚಿನ ಆಟವೊಂದಿದೆ. ಮಹಾಪಧಮನಿಯನ್ನು ಗಿಡ್ಡಗೆ ಕತ್ತರಿಸಿ, ಮೇಲಿನಿಂದ ನೀರು ಸುರಿಯುವುದು. ತೆಳ್ಳನೆಯ ಮೂರು ಎಸಳು ನೀರು ತುಂಬಿಕೊಂಡು ಉಬ್ಬಿ, ಒಂದಕ್ಕೊಂದು ತಾಗಿ, ದಾರಿ ಮುಚ್ಚಿಬಿಡುತ್ತವೆ. ಜೀವ ಹೋದ ಮೇಲೂ ಕವಾಟ ತನ್ನ ಕೆಲಸ ಮರೆತಿರುವುದಿಲ್ಲ. ಅದಕ್ಕೆ ನೀರಿನ ಒತ್ತಡವಷ್ಟೇ ಸಾಕು. ಎಸಳುಗಳ ಸ್ವಲ್ಪ ಮೇಲೆ ಎರಡು ಕಿರಿಯ ತೂತುಗಳಿವೆ. ಊರಿಗೆಲ್ಲ ರಕ್ತ ಹಂಚುವ ಗುಂಡಿಗೆ ತನ್ನ ಪಾಲನ್ನು ಪಡೆಯುವುದು ಅಲ್ಲಿಂದಲೇ.

ಆಮೇಲೆ ಎಡಗೋಡೆಯನ್ನು ತುದಿಯವರೆಗೆ ಸೀಳಿ, ಹೆಪ್ಪುಗಟ್ಟಿದ ರಕ್ತ ತೊಳೆದರೆ ಗಾಳಿಪಟದ ಸೂತ್ರದಂಥ ಬಿಳಿ ಎಳೆಗಳು ಕಾಣುತ್ತವೆ. ನೂಲಿನಷ್ಟೇ ಸಣ್ಣ, ಎಳೆದರೆ ಹರಿಯವು. ಕುಕ್ಷಿ ಹಿಂಡಿಕೊಂಡಾಗ ಕವಾಟ ಹಿಂದಕ್ಕೆ ಮಗುಚದಂತೆ ಹಿಡಿದಿಡುವುದು ಇವೇ. ಬಲಗೋಣೆಯಲ್ಲಿ ನಡುಗೋಡೆಯಿಂದ ಎದುರು ಗೋಡೆಗೆ ಸ್ನಾಯುವಿನ ಪಟ್ಟಿಯೊಂದು ಹಾಯ್ದಿರುತ್ತದೆ. ಎತ್ತಿನ ಹೃದಯಗಳನ್ನು ಕೊಯ್ದು ನೋಡಿದ ಲಿಯೊನಾರ್ಡೊ ಡ ವಿಂಚಿ ಇದನ್ನೂ ಬಿಡದೆ ಬರೆದಿಟ್ಟ.

ಆ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಅವುಗಳ ಮೂಲಕ ಜಿನುಗುತ್ತದೆ ಎಂದು 2ನೇ ಶತಮಾನದಲ್ಲಿ ಗೇಲೆನ್ ಹೇಳಿದ. ಸಾವಿರ ವರ್ಷಕ್ಕೂ ಮಿಕ್ಕಿ ವೈದ್ಯರು ಅದನ್ನೇ ನಂಬಿದರು. 13ನೇ ಶತಮಾನದಲ್ಲಿ ಇಬ್ನ್ ಅಲ್-ನಫೀಸ್ ಅದನ್ನು ಅಲ್ಲಗಳೆದ. 1628ರಲ್ಲಿ ವಿಲಿಯಂ ಹಾರ್ವೆ ರಕ್ತ ಸುತ್ತುವ ಬಗೆಯನ್ನು ಪುಸ್ತಕ ಬರೆದು ತೋರಿಸಿದ. ನಮ್ಮ ಹುಡುಗಿಯೊಬ್ಬಳು ಕಡ್ಡಿಯಿಂದ ಗೋಡೆಯನ್ನೆಲ್ಲ ತಡಕಿ, "ಎಲ್ಲೂ ತೂತಿಲ್ಲ ಸರ್" ಎಂದು ಅರೆಗಳಿಗೆಯಲ್ಲಿ ತೀರ್ಪು ಕೊಟ್ಟಳು.

ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ, ಇದಕ್ಕೆಂದೇ ಪ್ರಾಣಿಯನ್ನು ಕೊಲ್ಲುವುದೂ ಬೇಡ. ಒಂದು ತಟ್ಟೆ, ಒಂದು ಬ್ಲೇಡು, ಒಂದು ಚೊಂಬು ನೀರು, ಕೈ ತೊಳೆಯಲು ಸೋಪು. ಮುಟ್ಟಲೊಲ್ಲದ ಮಗುವನ್ನು ಬಲವಂತ ಮಾಡಬೇಡಿ, ನೀರು ಸುರಿಯಲು ಬಿಡಿ. ಮೇಷ್ಟ್ರುಗಳೇ, ಈ ಸಲ ಬೋರ್ಡಿನ ಮೇಲೆ ಹೃದಯದ ಚಿತ್ರ ಬರೆಯುವ ಮುನ್ನ ಮಟನ್ ಅಂಗಡಿಗೆ ಒಮ್ಮೆ ಹೋಗಿಬನ್ನಿ.